ಸುಳ್ಳಿನ ಪಟ್ಟಾ

ಲಾರಿ ಓಡಿಸುವವರೆಲ್ಲ ತೂಕದ ವಿಷಯದಲ್ಲಿ ಸುಳ್ಳು ಹೇಳುತ್ತಾರೆ ಎಂಬುದರಲ್ಲಿ ಗಾಡಿಗಳಿಗೆ ಕಮಾನು ಕಟ್ಟುವ ಮೇಸ್ತ್ರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಂದು ಟನ್ ಎಂದರೆ ಒಂದೂವರೆ, ಎರಡು ಎಂದರೆ ಮೂರು. "ಬರೀ ಹುಲ್ಲು ತುಂಬೋದು ಮೇಸ್ತ್ರಿ" ಎಂದು ಯಾರಾದರೂ ಹಲ್ಲು ಕಿರಿದರೆ ಹುಲ್ಲಿನ ಕೆಳಗೆ ಕಬ್ಬಿಣ ಇದೆ ಎಂದೇ ಅವನು ತಿಳಿಯುತ್ತಿದ್ದ. ಹಾಗಾಗಿ ಅವನ ಶೆಡ್ಡಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಪಟ್ಟಾ ಅಂದರೆ ಗಾಡಿಯ ಚಕ್ರದ ಮೇಲೆ ಬಿಲ್ಲಿನಂತೆ ಬಾಗಿ ಕೂತಿರುವ ಉಕ್ಕಿನ ಪಟ್ಟಿ. ಅಂಥವು ನಾಲ್ಕೈದು ಒಂದರ ಮೇಲೊಂದು ಜೋಡಿಸಿ ಬಿಗಿದರೆ ಒಂದು ಕಮಾನು. ಗಿರಾಕಿ ಹೇಳಿದ ತೂಕಕ್ಕೆ ಎಷ್ಟು ಪಟ್ಟಾ ಬೇಕೋ ಅಷ್ಟು ಹಾಕಿದ ಮೇಲೆ, ಕೇಳದೆಯೂ ಹೇಳದೆಯೂ ಇನ್ನೊಂದನ್ನು ಸೇರಿಸಿಯೇ ಅವನು ಬೋಲ್ಟು ಬಿಗಿಯುತ್ತಿದ್ದದ್ದು.

ಅದಕ್ಕೆ 'ಸುಳ್ಳಿನ ಪಟ್ಟಾ' ಎಂದು ಹೆಸರಿಟ್ಟವನು ಪಕ್ಕದ ಶೆಡ್ಡಿನ ವೆಲ್ಡರ್. "ಇದೊಂದು ಇಲ್ದೇ ಇದ್ದಿದ್ರೆ ಈ ಊರಿನ ಅರ್ಧ ಗಾಡಿಗಳು ಹೊಟ್ಟೆ ಉಜ್ಜಿಕೊಂಡೇ ಓಡಾಡ್ತಿದ್ವು" ಎನ್ನುತ್ತಿದ್ದ. ಡ್ರೈವರುಗಳಿಗೂ ಇದು ಗೊತ್ತು. ಮೇಸ್ತ್ರಿ ಹೇಗೂ ಒಂದು ಜಾಸ್ತಿ ಹಾಕಿರುತ್ತಾನೆ ಎಂದು ಅವರು ಇನ್ನಷ್ಟು ತುಂಬುತ್ತಿದ್ದರು. ಇದಕ್ಕೆ ಕೊನೆಯೆಲ್ಲಿ ಹೇಳಿ.

ಮೇಸ್ತ್ರಿಯ ಅಕ್ಕ ಪಿಕಪ್ಪನ್ನು ತಾನೇ ಓಡಿಸಿಕೊಂಡು ಶೆಡ್ಡಿನ ಮುಂದೆ ತಂದು ನಿಲ್ಲಿಸಿದ್ದು ಒಂದು ಸೋಮವಾರ ಬೆಳಿಗ್ಗೆ. ಗಾಡಿಯ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿತ್ತು. ಹಿಂದಿನ ತೊಟ್ಟಿಯ ಮೇಲೆ ಒಂದು ಕ್ಯಾಂಪರ್ ಕೂತಿತ್ತು. ಬಿಳಿ ತಗಡಿನ ಪುಟ್ಟ ಮನೆ ಅದು. ಒಳಗೆ ಒಬ್ಬರು ಮಲಗುವಷ್ಟು ಮಂಚ, ಒಂದು ಬರ್ನರಿನ ಒಲೆ, ಕೈ ತೊಳೆಯಲು ಬೋಗುಣಿಯಷ್ಟು ಸಿಂಕು, ಕಿಟಕಿಗೆ ಹೂವಿನ ಪರದೆ. ಒಲೆಯ ಮೇಲಿನ ಕೊಕ್ಕೆಗಳಲ್ಲಿ ಆರು ಚಮಚಗಳನ್ನು ಅಕ್ಕ ಸಾಲಾಗಿ ನೇತು ಹಾಕಿದ್ದಳು. ಅರವತ್ತೆರಡು ವರ್ಷದ ಹೆಂಗಸು, ಸೀಟಿನ ಮೇಲೆ ದಿಂಬು ಹಾಕಿಕೊಂಡು ಕೂತಿದ್ದಳು.

"ಏನಕ್ಕಾ ಇದು, ಮನೇನೇ ಕಿತ್ಕೊಂಡು ಬಂದ್ಬಿಟ್ಟಿದೀಯ?"

"ದೊಡ್ಡಾಸ್ಪತ್ರೆಗೆ ಹೋಗ್ಬೇಕು ಕಣೋ. ಆರು ಗಂಟೆ ದಾರಿ. ನಿಮ್ಮ ಭಾವನಿಗೆ ಬೆನ್ನು ಹಿಡ್ಕೊಂಡಿದೆ. ಒಂದು ತಿಂಗಳು ದಿನಾ ಕರೆಂಟ್ ಕೊಡ್ಬೇಕಂತೆ. ಕೂತ್ಕೊಂಡು ಹೋಗೋಕಾಗಲ್ಲ, ಅಲ್ಲಿ ಇರೋಕೆ ರೂಮು ಸಿಗಲ್ಲ. ಇದ್ರಲ್ಲೇ ಮಲಗಿಸ್ಕೊಂಡು ಹೋಗಿ, ಆಸ್ಪತ್ರೆ ಅಂಗಳದಲ್ಲೇ ನಿಲ್ಲಿಸ್ಕೊಂಡು ಇದ್ಬಿಡ್ತೀವಿ."

ಕರೆಂಟ್ ಎಂದರೆ ಮೇಸ್ತ್ರಿಗೆ ಗೊತ್ತಿದ್ದದ್ದು ಒಂದೇ. ಎರಡು ವರ್ಷದ ಹಿಂದೆ ಸುತ್ತಿಗೆ ಬಡಿದೂ ಬಡಿದೂ ಭುಜ ಹಿಡಿದಾಗ ಅವನಿಗೂ ಕೊಟ್ಟಿದ್ದರು. ಎರಡು ಬಿಲ್ಲೆ ಅಂಟಿಸಿ ಸ್ವಿಚ್ ಹಾಕಿದರೆ ಜುಮ್ಮೆನ್ನುತ್ತದೆ, ಹತ್ತು ದಿನಕ್ಕೆ ಸರಿಹೋಗುತ್ತದೆ. ಅಷ್ಟಕ್ಕೆ ಇಷ್ಟೊಂದು ರಂಪವೇ ಎನ್ನಿಸಿತು ಅವನಿಗೆ.

ಅಕ್ಕ ಬ್ಯಾಗಿನಿಂದ ಒಂದು ಚೀಟಿ ತೆಗೆದಳು. ಲಾರಿ ತೂಗುವ ವೇ ಬ್ರಿಡ್ಜಿನಲ್ಲಿ ತೂಗಿಸಿದ ಚೀಟಿ. ಗಾಡಿಯ ತೂಕ ಕಳೆದು ಕ್ಯಾಂಪರು, ತುಂಬಿದ ನೀರಿನ ಟ್ಯಾಂಕು, ಸಿಲಿಂಡರು, ಹಾಸಿಗೆ, ಇಬ್ಬರು ಮನುಷ್ಯರು ಎಲ್ಲ ಸೇರಿ ಒಂಬೈನೂರ ಅರವತ್ತು ಕಿಲೋ. ಮೇಸ್ತ್ರಿ ಚೀಟಿಯನ್ನು ಮಗುಚಿ ನೋಡಿದ. ಹಿಂದೆ ಪೆನ್ಸಿಲಿನಲ್ಲಿ ಬರೆದಿತ್ತು: 'ಒಂದು ಬದಿಗೆ ಎರಡು ಪಟ್ಟಾ. ಹೆಚ್ಚು ಬೇಡ.' ಆ ಅಕ್ಷರವನ್ನು ಅವನು ಎಲ್ಲಿದ್ದರೂ ಗುರುತಿಸುತ್ತಿದ್ದ. ಅವನ ಮೈ ಉರಿದುಹೋಯಿತು.

"ನಂಗೆ ಕಸುಬು ಹೇಳ್ಕೊಡೋಕೆ ಹೊರಟ್ನಾ ನಿನ್ನ ಗಂಡ?"

"ಹಾಗಲ್ವೋ. ಮೆತ್ತಗಿರ್ಬೇಕಂತೆ. ಮಂಚ ಸರಿಯಾಗಿ ಹಿಂದಿನ ಚಕ್ರದ ಮೇಲೇ ಬರುತ್ತೆ ನೋಡು. ಜಾಸ್ತಿ ಹಾಕ್ಬೇಡ ಅಂತ ನೂರು ಸಲ ಹೇಳಿ ಕಳಿಸಿದಾರೆ."

"ಎಲ್ಲರೂ ಹೇಳೋದು ಅದನ್ನೇ."

"ಒಂದ್ಸಲ ಬಂದು ನೋಡ್ಕೊಂಡು ಹೋಗ್ಬಾರ್ದೇನೋ? ನಾಲ್ಕು ಬೀದಿ ಆಚೆ ಇದೀವಿ."

"ಬೆನ್ನು ನೋವಿಗೆಲ್ಲ ನೋಡೋಕೆ ಹೋಗ್ತಾರಾ? ಹಾಗಾದ್ರೆ ಮೊದ್ಲು ನನ್ನ ನೋಡೋಕೆ ಊರೆಲ್ಲ ಬರ್ಬೇಕು."

ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ತುಟಿ ಕಚ್ಚಿಕೊಂಡು ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟು ನಡೆದುಕೊಂಡೇ ಮನೆಗೆ ಹೋದಳು.

ಇಪ್ಪತ್ತಾರು ವರ್ಷದಿಂದ ಮೇಸ್ತ್ರಿ ಭಾವನ ಮುಖ ನೋಡಿರಲಿಲ್ಲ. ಕಾರಣ ಇಡೀ ಬೀದಿಗೇ ಗೊತ್ತು. ಭಾವ ಆಗ ಲಾರಿ ಡ್ರೈವರ್. ಕಲ್ಲು ಚಪ್ಪಡಿ ಸಾಗಿಸಲು ಕಮಾನು ಕಟ್ಟಿಸಿಕೊಳ್ಳಲು ಬಂದವನು ಮೂರು ಟನ್ ಎಂದು ಹೇಳಿದ. ಅಕ್ಕನ ಗಂಡ, ಸುಳ್ಳು ಯಾಕೆ ಹೇಳುತ್ತಾನೆ ಎಂದು ಮೇಸ್ತ್ರಿ ಮೂರಕ್ಕೇ ಕಟ್ಟಿಕೊಟ್ಟ. ತುಂಬಿದ್ದು ಐದೂವರೆ. ಇಳಿಜಾರಿನಲ್ಲಿ ಎಡಗಡೆಯ ಮುಖ್ಯ ಪಟ್ಟಾ ಕತ್ತರಿಸಿಹೋಗಿ ಲಾರಿ ಹಳ್ಳಕ್ಕೆ ವಾಲಿತು. ಭಾವನಿಗೆ ಮೊಣಕೈ ತರಚಿತು. ಪಕ್ಕದ ಸೀಟಿನಲ್ಲಿ ಊರು ನೋಡುವ ಆಸೆಗೆ ಹತ್ತಿ ಕೂತಿದ್ದ ತಮ್ಮ, ಮೇಸ್ತ್ರಿಗೂ ಅಕ್ಕನಿಗೂ ಕಿರಿಯವನು, ಕಲ್ಲಿನಡಿ ಸಿಕ್ಕಿಕೊಂಡ. ವಿಚಾರಣೆಗೆ ಬಂದವರ ಮುಂದೆ ಭಾವ ಹೇಳಿದ ಮಾತು ಒಂದೇ: "ಮೂರೇ ಟನ್ ಸಾರ್. ಕಮಾನು ಮುರೀತು." ಉರುಳಿದ ಕಲ್ಲನ್ನು ತೂಗಿ ನೋಡಿದವರು ಯಾರು? ಅಷ್ಟು ಹೊತ್ತಿಗೆ ಅರ್ಧಕ್ಕರ್ಧ ಕಲ್ಲು ಅಕ್ಕಪಕ್ಕದವರ ಮನೆ ಮೆಟ್ಟಿಲಾಗಿ ಹೋಗಿತ್ತು. ತಮ್ಮನನ್ನು ಕೊಂದ ಕಮಾನು ಎಂಬ ಮಾತು ಮೇಸ್ತ್ರಿಯ ಬೆನ್ನು ಬಿಡಲು ಹತ್ತು ವರ್ಷ ಹಿಡಿಯಿತು. ಸುಳ್ಳಿನ ಪಟ್ಟಾ ಶುರುವಾದದ್ದು ಆಗಲೇ.

ಮಂಗಳವಾರ ಅವನು ಕೆಲಸಕ್ಕೆ ಕೂತ. ಕೆಲಸ ಎಂದರೆ ಕೆಲಸವೇ, ಅದರಲ್ಲಿ ಅವನ ಕೈಗೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಕ್ಯಾಂಪರಿಗೆ ನಾಲ್ಕು ಮೂಲೆಯಲ್ಲಿ ಜಾಕಿ ಕೊಟ್ಟು ಎತ್ತಿ, ಪಿಕಪ್ಪನ್ನು ಅದರ ಕೆಳಗಿನಿಂದ ಮುಂದಕ್ಕೆ ಸರಿಸಿದ. ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಬಿಚ್ಚಿದ. ಹಳೆ ಪಟ್ಟಾಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು, ಬಾಗು ಮರಳಿ ತಂದು, ಎಣ್ಣೆಯಲ್ಲಿ ಅದ್ದಿದ. ಸವೆದ ಬುಷ್ಷುಗಳನ್ನು ಬದಲಿಸಿದ, ಹೊಸ ಶಾಕ್ ಅಬ್ಸಾರ್ಬರ್ ಕೂರಿಸಿದ. ಬದಿಗೆ ಎರಡರಂತೆ ಹೊಸ ಪಟ್ಟಾ ಸೇರಿಸಿ, ಗಾಡಿಯನ್ನು ಹಿಂದಕ್ಕೆ ತಂದು ಕ್ಯಾಂಪರನ್ನು ಮೆಲ್ಲಗೆ ಇಳಿಸಿದ. ಪಿಕಪ್ಪು ಹೊರೆಯನ್ನು ಹೊತ್ತು ನಾಲ್ಕು ಬೆರಳು ತಗ್ಗಿ, ನೀರು ನಿಂತ ಹಾಗೆ ಸಮನಾಗಿ ನಿಂತಿತು. ಹಿಂದಿನ ಬಂಪರಿನ ಮೇಲೆ ಕಾಲಿಟ್ಟು ಒತ್ತಿದರೆ ಒಂದು ಸಲ ಇಳಿದು ಒಂದೇ ಸಲ ಮೇಲೆದ್ದಿತು.

"ಅಬ್ಬಾ, ಅಳತೆ ತಗೊಂಡು ಹೊಲಿದ ಹಾಗಿದೆಯಲ್ಲ ಮೇಸ್ತ್ರಿ" ಎಂದ ವೆಲ್ಡರ್. "ಮುಗೀತಲ್ಲ, ಬನ್ನಿ, ಟೀ ಕುಡಿಯೋಣ."

ಮುಗಿದಿತ್ತು. ಮುಗಿದಿತ್ತು ಎಂದು ಮೇಸ್ತ್ರಿಗೂ ಗೊತ್ತಿತ್ತು. ಆದರೆ ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದಾಗ ಬೆಂಚಿನ ಮೇಲೆ ಆ ಚೀಟಿ ಕಣ್ಣಿಗೆ ಬಿತ್ತು. ಹೆಚ್ಚು ಬೇಡ. ಐದೂವರೆ ಟನ್ ತುಂಬಿಕೊಂಡು ಮೂರು ಎಂದವನು ಈಗ ಪೆನ್ಸಿಲಿನಲ್ಲಿ ಬರೆದು ಕಳಿಸುತ್ತಾನೆ! ದಾರಿಯಲ್ಲಿ ಇನ್ನೂ ಏನೇನು ತುಂಬಿಕೊಳ್ಳುತ್ತಾನೋ ಯಾರು ಕಂಡರು. ಓಡಿಸುವವಳು ಅಕ್ಕ. ತಮ್ಮ ಹೋದ ಹಾಗೆ ಅವಳೂ ಹೋದರೆ? ಸಿಟ್ಟೆಷ್ಟೋ ಭಯವೂ ಅಷ್ಟೇ ಇತ್ತು ಅವನಿಗೆ, ಅದನ್ನು ಮುಚ್ಚಿಡುವುದೇಕೆ. ವೆಲ್ಡರ್ ಒಬ್ಬನೇ ಟೀ ಕುಡಿಯಲು ಹೋದ. ಮೇಸ್ತ್ರಿ ಮತ್ತೆ ಜಾಕಿ ಕೊಟ್ಟು ಎಲ್ಲ ಬಿಚ್ಚಿ ಬದಿಗೊಂದರಂತೆ ಮೂರನೇ ಪಟ್ಟಾ ಸೇರಿಸಿದ. ಈ ಸಲ ಬಂಪರು ಒತ್ತಿದರೆ ಗೋಡೆ ಒತ್ತಿದ ಹಾಗಿತ್ತು.

ಬುಧವಾರ ಅಕ್ಕ ಬಂದು ಬೀದಿಯಲ್ಲಿ ಒಂದು ಸುತ್ತು ಹಾಕಿದಳು. ತಿರುವಿನಲ್ಲಿದ್ದ ಚರಂಡಿಯ ಹಲಗೆ ದಾಟುವಾಗ ಒಳಗೆ ಚಮಚಗಳೆಲ್ಲ ಝಣಝಣ ಎಂದವು, ಒಂದು ಕೆಳಗೂ ಬಿತ್ತು. ಅವಳು ಇಳಿದು ಬಂದಳು.

"ಯಾಕೋ ಗಡುಸು ಅನ್ಸುತ್ತೆ ಕಣೋ. ಎರಡೇ ತಾನೇ ಹಾಕಿರೋದು?"

"ಎರಡೇ. ಹೊಸದಲ್ವಾ, ಓಡ್ತಾ ಓಡ್ತಾ ಸರಿಹೋಗುತ್ತೆ."

"ಸತ್ಯವಾಗ್ಲೂ?"

"ಅಯ್ಯೋ, ಎಣಿಸ್ಕೋ ಬೇಕಿದ್ರೆ" ಎಂದ ಮೇಸ್ತ್ರಿ. ಅವಳು ಬಗ್ಗಿ ಎಣಿಸುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಇವನು ಹೇಳಿದ ಮೇಲೆ ಮುಗಿಯಿತು ಎಂದುಕೊಂಡು ಅಕ್ಕ ಅವನ ತಲೆ ಸವರಿ ಹೊರಟಳು. ಅರವತ್ತು ಹತ್ತಿರವಾದವನ ಬೋಳು ತಲೆಯನ್ನು ಸವರುವವಳು ಅವಳೊಬ್ಬಳೇ.

ಗುರುವಾರ ಮಧ್ಯಾಹ್ನ ಫೋನು ಬಂತು. ಮೊದಲು ಬರೀ ಅಳು. ಆಮೇಲೆ, "ರೈಲು ಹಳಿ ದಾಟುವಾಗ ಕಣೋ... ನಿಧಾನಕ್ಕೇ ಹೋದೆ, ಆದ್ರೂ ಧಡಕ್ ಅಂತು... ಒಳಗಿಂದ ಕೂಗಿದ್ರು. ಹೋಗಿ ನೋಡಿದ್ರೆ... ಕಾಲು ಬರ್ತಿಲ್ಲ ಅವ್ರಿಗೆ. ಎರಡೂ ಕಾಲು."

ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕದೆಯೇ ಬಸ್ಸು ಹತ್ತಿದ.

ದೊಡ್ಡಾಸ್ಪತ್ರೆ ಎಂದರೆ ಏಳು ಅಂತಸ್ತಿನ ಕಟ್ಟಡ. ಮರುದಿನ ಬೆಳಿಗ್ಗೆ ಹೆಸರು ಹೇಳಿದ್ದಕ್ಕೆ ಕೌಂಟರಿನವಳು ನಾಲ್ಕನೇ ಮಹಡಿಗೆ ಹೋಗಿ ಎಂದಳು. ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ದೊಡ್ಡ ಅಕ್ಷರದಲ್ಲಿ ಕ್ಯಾನ್ಸರ್ ವಿಭಾಗ ಎಂದು ಬರೆದಿತ್ತು. ಅವನು ತಪ್ಪು ಮಹಡಿ ಎಂದುಕೊಂಡು ಮತ್ತೆ ಕೆಳಗಿಳಿದು ಕೇಳಿದ. ಕೌಂಟರಿನವಳು ರೇಗಿದಳು. "ನಾಲ್ಕೇ ಅಂದ್ನಲ್ಲ. ಕರೆಂಟ್ ಕೊಡೋದು ಅಲ್ಲೇ."

ಇದೂ ಕರೆಂಟೇ. ಯಂತ್ರದ ಕೆಳಗೆ ಮಲಗಿಸಿ ಕ್ಯಾನ್ಸರನ್ನು ಸುಡುತ್ತಾರಲ್ಲ, ಅದಕ್ಕೂ ಜನ ಹೇಳುವುದು ಅದೇ ಮಾತು. ಮೇಸ್ತ್ರಿ ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿದ.

ಅಕ್ಕ ಮೇಲೆ ವರಾಂಡದ ಬೆಂಚಿನಲ್ಲಿ ಕೂತಿದ್ದಳು. ಒಂದು ದಿನಕ್ಕೇ ಮುಖ ಇಳಿದುಹೋಗಿತ್ತು. ಬೆನ್ನುಮೂಳೆಗೆ ಹಬ್ಬಿ ಎಂಟು ತಿಂಗಳಾಯಿತಂತೆ. ಮೂಳೆ ರಸ್ಕಿನ ಹಾಗಾಗಿದೆ, ಜೋರಾಗಿ ಒಂದು ಕುಲುಕು ಕುಲುಕಿದರೂ ಸಾಕು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ.

"ಹೇಳ್ಬಾರ್ದಾಗಿತ್ತಾ ಅಕ್ಕಾ? ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ಆಣೆ ಹಾಕಿಸ್ಕೊಂಡಿದ್ರು ಕಣೋ. ಇಪ್ಪತ್ತಾರು ವರ್ಷ ಬರದೇ ಇದ್ದೋನು ಅಯ್ಯೋ ಪಾಪ ಅಂತ ಬರೋದು ಬೇಡ ಅಂದ್ರು." ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನಂದೇ ತಪ್ಪು. ಆ ಹಳಿ ಹತ್ರ ಇನ್ನೂ ನಿಧಾನ ಮಾಡ್ಬೇಕಿತ್ತು. ಜೀವಮಾನ ಪೂರ್ತಿ ಡ್ರೈವರ್ ಆಗಿದ್ದ ಮನುಷ್ಯನನ್ನ ಮಲಗಿಸ್ಕೊಂಡು ನಾನು ಗಾಡಿ ಓಡಿಸ್ತೀನಿ ಅಂತ ಹೊರಟೆನಲ್ಲ, ನನಗೆ ಬುದ್ಧಿ ಎಲ್ಲಿತ್ತು."

ಮೇಸ್ತ್ರಿ ಒಳಗೆ ಹೋದ.

ಹಾಸಿಗೆಯಲ್ಲಿದ್ದವನನ್ನು ಅವನು ಗುರುತಿಸಲಿಲ್ಲ. ಸ್ಟೇರಿಂಗಿಗೇ ಅಂಟಿಕೊಂಡ ಹಾಗಿದ್ದ ಆ ದಪ್ಪ ಕೈಗಳು ಹೊದಿಕೆಯ ಮೇಲೆ ಎರಡು ಕಡ್ಡಿಗಳಂತೆ ಬಿದ್ದಿದ್ದವು. ಕಣ್ಣು ಮಾತ್ರ ಹಳೆಯದೇ.

"ಬಂದ್ಯಾ ಮೇಸ್ತ್ರಿ" ಎಂದ ಭಾವ. "ಕೂತ್ಕೋ. ಬಾಗಿಲು ಎಳ್ಕೋ ಮೊದ್ಲು."

ಮೇಸ್ತ್ರಿ ಬಾಗಿಲು ಎಳೆದು ಕೂತ.

"ಮೂರು ಹಾಕಿದೀಯ ಅಲ್ವಾ?"

ಮೇಸ್ತ್ರಿ ಹೌದೆಂದು ತಲೆಯಾಡಿಸಿದ.

"ಮಲಗಿ ನಮ್ಮ ಬೀದಿ ದಾಟೋಷ್ಟ್ರಲ್ಲೇ ಗೊತ್ತಾಯ್ತು ಬಿಡು. ನಲವತ್ತು ವರ್ಷ ಕಮಾನಿನ ಮೇಲೇ ಕೂತ ಬೆನ್ನು ಇದು."

"ಗೊತ್ತಾದ ಮೇಲೆ ನಿಲ್ಲಿಸ್ಬಾರ್ದಾಗಿತ್ತಾ ಭಾವ? ವಾಪಸ್ ತಂದಿದ್ರೆ ಅರ್ಧ ದಿನದ ಕೆಲಸ."

"ತಂದ್ರೆ ನಿನ್ನ ಹತ್ರಾನೇ ತರ್ಬೇಕಿತ್ತಲ್ಲ." ಭಾವ ನಕ್ಕ, ನಗು ಅರ್ಧದಲ್ಲೇ ನೋವಾಗಿ ಹಲ್ಲು ಕಚ್ಚಿದ. "ಚೀಟಿ ಕಳಿಸಿದ್ನಲ್ಲಯ್ಯಾ. ಗ್ರಾಂ ಲೆಕ್ಕದಲ್ಲಿ ತೂಗಿಸಿದ್ದೆ. ಈ ಸಲ ನಿಜ ಇತ್ತು ಕಣೋ."

ಪಕ್ಕದಲ್ಲಿ ಸೀಸೆಯಿಂದ ಹನಿ ಹನಿಯಾಗಿ ಏನೋ ಇಳಿಯುತ್ತಿತ್ತು.

"ಅವತ್ತು ಐದೂವರೆ ಇತ್ತು" ಎಂದ ಭಾವ.

"ಗೊತ್ತು."

"ನಿನಗೆ ಗೊತ್ತು ಅಂತ ನಂಗೂ ಗೊತ್ತು. ನನ್ನ ಬಾಯಿಂದ ಒಂದ್ಸಲ ಬರ್ಲಿ ಅಂತ ಹೇಳ್ದೆ. ಜೈಲಿಗೆ ಹೋಗೋ ಭಯ ಕಣೋ. ನಿನ್ನ ಹೆಸರು ಕೆಟ್ರೆ ಕೆಡ್ಲಿ, ಅವಳು ಒಂಟಿ ಆಗ್ಬಾರ್ದು ಅಂತ ಅಂದ್ಕೊಂಡೆ. ಸುಳ್ಳು. ನನ್ನ ಚರ್ಮ ಉಳಿಸ್ಕೊಂಡೆ, ಅಷ್ಟೇ."

ಆಮೇಲೆ ಭಾವ ಕೈಬೆರಳು ಅಲ್ಲಾಡಿಸಿ ಅವನನ್ನು ಹತ್ತಿರ ಕರೆದ.

"ಅವಳಿಗೆ ಹೇಳ್ಬೇಡ. ರಸ್ತೆ ಸರಿ ಇರ್ಲಿಲ್ಲ, ಯಾರು ಓಡಿಸಿದ್ರೂ ಹಿಂಗೇ ಆಗ್ತಿತ್ತು ಅಂತ ಹೇಳಿದೀನಿ. ಇನ್ನು ನಾನಂತೂ ಹೊರಟೆ. ಮಕ್ಕಳಿಲ್ಲ ಮರಿಯಿಲ್ಲ. ಅವಳಿಗೆ ಉಳಿಯೋದು ನೀನೊಬ್ಬ. ನೀನೂ ಇಲ್ದಂಗೆ ಮಾಡ್ಬೇಡ ಅವಳಿಗೆ. ಕೇಳಿಸ್ತಾ?"

"ಅವಳು ತಾನೇ ಓಡಿಸಿದ್ದು ತಪ್ಪು ಅಂತ ಕೂತಿದಾಳೆ ಭಾವ."

"ಕೂತ್ಕೊಳ್ಲಿ. ನಾಲ್ಕು ದಿನ ಅತ್ತು ಮರೀತಾಳೆ" ಎಂದು ಭಾವ ಕಣ್ಣು ಮುಚ್ಚಿದ.

ಮರೆಯುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ತಮ್ಮನನ್ನು ಅವತ್ತು ಲಾರಿ ಹತ್ತಿಸಿ ಕಳಿಸಿದವಳು ತಾನೇ ಎಂದು ಅಕ್ಕ ಇವತ್ತಿಗೂ ಹೇಳಿಕೊಂಡು ಅಳುತ್ತಿದ್ದಳು.

ಅದೇ ಮಧ್ಯಾಹ್ನ ಮೇಸ್ತ್ರಿ ಆಂಬುಲೆನ್ಸ್ ಡ್ರೈವರಿನ ಹತ್ತಿರ ಸ್ಪ್ಯಾನರು, ಜಾಕಿ ಕೇಳಿ ತಂದು ಆಸ್ಪತ್ರೆಯ ಅಂಗಳದಲ್ಲೇ ಗಾಡಿಯ ಕೆಳಗೆ ನುಗ್ಗಿದ. ಇಡೀ ಕಮಾನನ್ನು ಬಿಚ್ಚಿ, ಎರಡೂ ಬದಿಯಿಂದ ಮೂರನೇ ಪಟ್ಟಾ ಕಿತ್ತು ಹೊರಗೆಸೆದ. ಸಿಮೆಂಟಿನ ಮೇಲೆ ಅವು ಬಿದ್ದ ಸದ್ದಿಗೆ ಕಿಟಕಿಗಳಿಂದ ನಾಲ್ಕು ಜನ ಇಣುಕಿದರು. ಅಕ್ಕ ಕೆಳಗೆ ಬಂದು, "ಏನೋ ಮಾಡ್ತಿದೀಯ?" ಎಂದಾಗ, "ಬೋಲ್ಟು ಸಡಿಲ ಆಗಿತ್ತು" ಎಂದ. ಅವಳು ನಂಬಿದಳು. ಅವನು ಹೇಳಿದ್ದನ್ನೆಲ್ಲ ಅವಳು ನಂಬುತ್ತಿದ್ದಳು.

ಕರೆಂಟ್ ಕೊಡುವುದು ಐದನೇ ದಿನಕ್ಕೇ ನಿಂತಿತು. ಇನ್ನು ಪ್ರಯೋಜನವಿಲ್ಲ ಎಂದರು. ಕಾಲಿನ ಸ್ವಾಧೀನ ಹೋಗಿ ಮಲಗಿದಲ್ಲೇ ಇದ್ದವನಿಗೆ ಎದೆಯಲ್ಲಿ ಕಫ ಕಟ್ಟಿತು, ಜ್ವರ ಬಂತು. ಹನ್ನೊಂದನೇ ದಿನ ಬೆಳಗಿನ ತಿಂಡಿಯ ಹೊತ್ತಿಗೆ ಭಾವ ಹೋಗಿಬಿಟ್ಟ. ಅಷ್ಟೂ ದಿನ ಅಕ್ಕ ಕ್ಯಾಂಪರಿನ ಒಲೆಯ ಮೇಲೆ ಗಂಜಿ ಬೇಯಿಸಿ ನಾಲ್ಕನೇ ಮಹಡಿಗೆ ಹೊತ್ತಿದ್ದಳು. ಯಾರು ಬಂದು ಮಾತಾಡಿಸಿದರೂ ಅವಳದು ಅದೇ ಕಥೆ: ಹಳಿ, ನಿಧಾನ ಮಾಡಬೇಕಿತ್ತು, ನನ್ನ ತಪ್ಪು. ನರ್ಸಿಗೆ ಹೇಳಿದಳು, ಪಕ್ಕದ ಹಾಸಿಗೆಯವನ ಹೆಂಡತಿಗೆ ಹೇಳಿದಳು, ನೆಲ ಒರೆಸುವವಳಿಗೂ ಹೇಳಿದಳು.

ಭಾವನನ್ನು ಅದೇ ಕ್ಯಾಂಪರಿನಲ್ಲಿ, ಅದೇ ಮಂಚದ ಮೇಲೆ ಮಲಗಿಸಿ ವಾಪಸ್ ಹೊರಟರು. ಸ್ಟೇರಿಂಗ್ ಮುಟ್ಟಲು ಅಕ್ಕ ಒಪ್ಪಲಿಲ್ಲ. ಮೇಸ್ತ್ರಿ ಓಡಿಸಿದ, ಅವಳು ಪಕ್ಕದಲ್ಲಿ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎರಡು ಪಟ್ಟಾದ ಮೇಲೆ ಪಿಕಪ್ಪು ದೋಣಿಯ ಹಾಗೆ ಹೋಗುತ್ತಿತ್ತು. ಆದರೂ ಅವನು ಪ್ರತಿ ಗುಂಡಿಗೂ ನಿಲ್ಲಿಸಿದಂತೆ ಮಾಡಿ ಇಳಿಸಿ ಹತ್ತಿಸುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋಗುತ್ತಿದ್ದರು.

"ಈಗ ಯಾಕೋ ಇಷ್ಟು ನಿಧಾನ" ಎಂದಳು ಅಕ್ಕ. "ಇನ್ನೇನು ನೋಯುತ್ತೆ ಅವ್ರಿಗೆ."

ಅವನು ಮುಂದಿನ ಗುಂಡಿಗೂ ಹಾಗೇ ನಿಧಾನ ಮಾಡಿದ. ಮೂರು ಗಂಟೆ ದಾರಿ ಕಳೆದ ಮೇಲೆ ದೂರದಲ್ಲಿ ರೈಲು ಗೇಟಿನ ಕೆಂಪು ಬಿಳಿ ಕಂಬ ಕಾಣಿಸಿತು. ಅಕ್ಕ ಅದನ್ನು ನೋಡಿದ್ದೇ ದಿಂಬನ್ನು ಮುಖಕ್ಕೆ ಒತ್ತಿಕೊಂಡಳು. "ಇಲ್ಲೇ ಕಣೋ. ಇಲ್ಲೇ ನಾನು ಅವ್ರನ್ನ ಕೊಂದಿದ್ದು."

ಮೇಸ್ತ್ರಿ ಗಾಡಿಯನ್ನು ಬದಿಗೆ ತಂದ. ಇಂಜಿನ್ ಆರಿಸಿದ. ಭಾವ ಹೇಳಿದ್ದು ಅವನಿಗೆ ಮರೆತಿರಲಿಲ್ಲ, ಒಂದಕ್ಷರವೂ ಮರೆತಿರಲಿಲ್ಲ.

"ಅಕ್ಕಾ, ನೀನಲ್ಲ. ನಾನು ಮೂರು ಹಾಕಿದ್ದೆ."

ಅವಳು ದಿಂಬು ಇಳಿಸಿದಳು.

"ಎರಡು ಸಾಕಾಗಿತ್ತು. ಎರಡು ಹಾಕಿ ನೋಡಿದ್ದೆ, ಸರಿಯಾಗಿತ್ತು. ಆಮೇಲೆ ಮೂರನೇದು ಹಾಕ್ದೆ. ನೀನು ಕೇಳ್ದಾಗ ಎರಡೇ ಅಂದೆ. ಅವತ್ತು ಆಸ್ಪತ್ರೆ ಅಂಗಳದಲ್ಲಿ ಬಿಚ್ಚಿದ್ದು ಅದನ್ನೇ. ನಿನ್ನ ತಪ್ಪು ಏನೂ ಇಲ್ಲ. ನೀನು ಇನ್ನೆಷ್ಟು ನಿಧಾನ ಹೋಗಿದ್ರೂ ಅದು ಎತ್ತಿ ಹಾಕ್ತಿತ್ತು."

ಒಂದು ಗೂಡ್ಸ್ ಗಾಡಿ ಬಂತು. ಎಷ್ಟೋ ಡಬ್ಬಿಗಳು. ಅದು ಪೂರ್ತಿ ಹೋಗುವ ತನಕ ಅಕ್ಕ ಅದನ್ನೇ ನೋಡಿದಳು.

"ಅವ್ರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳ್ಬೇಡ ಅಂದ್ರು."

"ಎಣಿಸ್ಕೋ ಅಂದೆ ನೀನು ನಂಗೆ" ಎಂದಳು ಅಕ್ಕ. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. "ಬೇಕಿದ್ರೆ ಎಣಿಸ್ಕೋ ಅಂದೆ."

ಅವಳು ಬಾಗಿಲು ತೆರೆದು ಇಳಿದಳು. ಮೇಸ್ತ್ರಿ ಕನ್ನಡಿಯಲ್ಲಿ ನೋಡಿದ. ಅವಳು ಒಂದು ಕೈಯಲ್ಲಿ ಗಾಡಿಯ ಮೈ ಹಿಡಿದುಕೊಂಡು ಹಿಂದಕ್ಕೆ ಹೋಗಿ, ಕ್ಯಾಂಪರಿನ ಮೆಟ್ಟಿಲು ಹತ್ತಿ, ಒಳಗಿನಿಂದ ಚಿಲಕ ಹಾಕಿಕೊಂಡಳು. ಹೊರಡು ಎಂಬಂತೆ ತಗಡಿನ ಮೇಲೆ ಎರಡು ಸಲ ತಟ್ಟಿದ ಸದ್ದು ಬಂತು.

ಗೇಟು ತೆರೆಯುವವರೆಗೆ ಅವನು ಕಾದು, ಮೊದಲ ಗೇರಿನಲ್ಲಿ ಹಳಿಯ ಮೇಲೆ ಮುಂದಿನ ಚಕ್ರ ಹತ್ತಿಸಿದ, ಇಳಿಸಿದ. ಹಿಂದಿನ ಚಕ್ರ ಹತ್ತಿಸಿದ, ಇಳಿಸಿದ. ಒಂದು ಚಮಚವೂ ಅಲ್ಲಾಡಲಿಲ್ಲ. ಇನ್ನು ಮೂರು ಗಂಟೆ ದಾರಿ ಉಳಿದಿತ್ತು. ಅಕ್ಕ ಅವನ ಜೊತೆ ಆ ದಾರಿಯಲ್ಲೂ ಮಾತಾಡಲಿಲ್ಲ, ಆಮೇಲೆಯೂ ಮಾತಾಡಲಿಲ್ಲ.